ಹಕ್ಕಿ ಬೇಟೆಗೆ ಯಾವ ನಾಯಿ? ನಮ್ಮ ನೆಲದ ಉತ್ತರ ಬೇರೆನೇ ಐತಿ

1/8
"ಹಕ್ಕಿನೂ ಹಿಡೀಬೇಕು, ಕೆರೆಗೆ ಹಾರಿ ಬಾತುಕೋಳಿನೂ ತರಬೇಕು, ಮನೇನೂ ಕಾಯಬೇಕು. ಅಂಥ ನಾಯಿ ಯಾವುದು?" ವಿದೇಶಿ ಬೇಟೆ ವಿಡಿಯೋ ನೋಡಿದವರು ಕೇಳೋ ಪ್ರಶ್ನೆ ಇದು. ಉತ್ತರ ಗೂಗಲ್‌ನಲ್ಲಿ ಸಿಗುತ್ತೆ: ಜರ್ಮನ್ ಶಾರ್ಟ್‌ಹೇರ್ಡ್ ಪಾಯಿಂಟರ್, ವೈಮರಾನರ್, ಲ್ಯಾಬ್ರಡಾರ್... ಆದ್ರೆ ನಾನು ಕೇಳೋದು ಬೇರೆ ಪ್ರಶ್ನೆ. ಹಾವೇರಿ, ರಾಣೇಬೆನ್ನೂರು, ಬ್ಯಾಡಗಿ ಸೀಮೆಯಲ್ಲಿ ಕೆರೆಗೂ ಬರ ಇರಲಿಲ್ಲ, ಹಕ್ಕಿಗೂ ಬರ ಇರಲಿಲ್ಲ. ಬೇಟೆ ನಾಯಿಗೆ ಹೆಸರಾದ ನಾಡು ನಮ್ಮದು. ಹಾಗಿದ್ರೂ ಹಕ್ಕಿ ಬೇಟೆಗೇ ಅಂತ ಒಂದು ತಳಿ ಇಲ್ಲಿ ಯಾಕೆ ಹುಟ್ಟಲಿಲ್ಲ? ಓದ್ತಾ ಹೋಗ್ರಿ.

2/8
ಮೊದಲು ಒಂದು ಕಲ್ಲಿನ ಕಥೆ. ಮಂಡ್ಯ ಜಿಲ್ಲೆ ಮದ್ದೂರು ತಾಲೂಕಿನ ಆತಕೂರು. ಕ್ರಿ.ಶ. 949ರಲ್ಲಿ ತಕ್ಕೋಲದಲ್ಲಿ ದೊಡ್ಡ ಯುದ್ಧ ಆಯ್ತು. ರಾಷ್ಟ್ರಕೂಟ ಮೂರನೇ ಕೃಷ್ಣನ ಪರ ನಿಂತ ಗಂಗ ದೊರೆ ಬೂತುಗ, ಚೋಳ ರಾಜಾದಿತ್ಯನನ್ನು ಕೊಂದ. ಆ ಯುದ್ಧದಲ್ಲಿ ಮೆರೆದ ಮಣಲೆರನಿಗೆ ಬಹುಮಾನ ಕೇಳು ಅಂದಾಗ ಅವನು ಕೇಳಿದ್ದು ಊರಲ್ಲ, ಹೊನ್ನಲ್ಲ. ಕಾಳಿ ಅನ್ನೋ ನಾಯಿ! ಆ ಕಾಳಿಯನ್ನ ಒಂದು ದೊಡ್ಡ ಹಂದಿ ಮೇಲೆ ಬಿಟ್ಟಾಗ, ಹಂದಿನೂ ಸತ್ತಿತು, ಕಾಳಿನೂ ಸತ್ತಿತು. ಅದರ ನೆನಪಿಗೆ ಕಲ್ಲು ನಿಲ್ಲಿಸಿ, ಪೂಜೆ ನಡೀಲಿ ಅಂತ ಭೂಮಿ ಬಿಟ್ಟರು. ಕಲ್ಲು ಈಗ ಬೆಂಗಳೂರಿನ ಸರ್ಕಾರಿ ಮ್ಯೂಸಿಯಂನಲ್ಲಿದೆ. ಗಮನಿಸಿ: ಕಾಳಿ ಎದುರಿಗಿದ್ದದ್ದು ಹಂದಿ. ಹಕ್ಕಿ ಅಲ್ಲ.

3/8
ಈಗ ನಮ್ಮ ಕಡೆ ಬರೋಣ. ಹಾವೇರಿಯ ಪುರದ ಸಿದ್ಧೇಶ್ವರ ಗುಡಿ ನೋಡಿದ್ದೀರಲ್ಲ? ಅದು ಕಲ್ಯಾಣ ಚಾಲುಕ್ಯರ ಕಾಲದ ಶೈಲಿ. ಅದೇ ವಂಶದ ಮೂರನೇ ಸೋಮೇಶ್ವರ 12ನೇ ಶತಮಾನದಲ್ಲಿ 'ಮಾನಸೋಲ್ಲಾಸ' ಅಂತ ಸಂಸ್ಕೃತದಲ್ಲಿ ಒಂದು ದೊಡ್ಡ ಗ್ರಂಥ ಬರೆಸಿದ. ಅಡುಗೆಯಿಂದ ಆನೆವರೆಗೆ ಎಲ್ಲಾ ಅದರಲ್ಲಿದೆ. ರಾಜನ ವಿನೋದಗಳ ಭಾಗದಲ್ಲಿ ಸಾರಮೇಯ ವಿನೋದ ಬೇರೆ, ಶ್ಯೇನ ವಿನೋದ ಬೇರೆ. ಸಾರಮೇಯ ಅಂದ್ರೆ ನಾಯಿ. ಶ್ಯೇನ ಅಂದ್ರೆ ಗಿಡುಗ. ಇಲ್ಲೇ ಐತಿ ನೋಡ್ರಿ ಕೀಲಿಕೈ! ನೆಲದ ಮೇಲೆ ಓಡೋ ಪ್ರಾಣಿಗೆ ನಾಯಿ, ಗಾಳಿಯಲ್ಲಿ ಹಾರೋ ಹಕ್ಕಿಗೆ ಗಿಡುಗ. ಅರಮನೆಯಲ್ಲಿ ಕೆಲಸ ಹಂಚಿಕೆ ಆಗಿಹೋಗಿತ್ತು.

4/8
ಅರಮನೆ ಬಿಡಿ, ಹೊಲದ ಬದುವಿಗೆ ಬನ್ನಿ. ಹಕ್ಕಿ ಹಿಡಿಯೋದನ್ನೇ ಬದುಕು ಮಾಡ್ಕೊಂಡ ಜನ ಇದ್ರು. ದಕ್ಷಿಣದಲ್ಲಿ ಹಕ್ಕಿಪಿಕ್ಕಿ ಅಂತಾರೆ, ನಮ್ಮ ಕಡೆ ಹರಣಶಿಕಾರಿ ಅಂತಾರೆ. ಅವರ ಆಯುಧ ಬಲೆ, ಉರುಲು, ಮತ್ತೆ ಸಾಕಿದ ಗೌಜಲ ಹಕ್ಕಿ. ಸಾಕಿದ ಹಕ್ಕಿ ಪಂಜರದಲ್ಲಿ ಕೂತು ಕೂಗುತ್ತೆ. "ನನ್ನ ಜಾಗಕ್ಕೆ ಯಾರು ಬಂದ್ರು?" ಅಂತ ಕಾಡಿನ ಗೌಜಲು ಜಗಳಕ್ಕೆ ಓಡಿ ಬರುತ್ತೆ, ಸುತ್ತ ಹಾಸಿದ ಉರುಲಿಗೆ ಕಾಲು ಸಿಗುತ್ತೆ. ಇಲ್ಲಿ ಬೇಕಾದ್ದು ಸದ್ದಿಲ್ಲದ ತಾಳ್ಮೆ. ಬೊಗಳೋ, ನುಗ್ಗೋ ನಾಯಿ ಬಂದ್ರೆ ಇಡೀ ದಿನದ ಕೂಳು ಹಾರಿಹೋಗುತ್ತೆ.

ಹಾಗಾದ್ರೆ ನಾಯಿ ಎಲ್ಲಿ ಬೇಕಿತ್ತು? ಮೊಲ, ಜಿಂಕೆ ಓಡೋ ಬಯಲಲ್ಲಿ. ಎರೆಭೂಮಿ, ಕುರುಚಲು ಗಿಡ, ದೂರದ ತನಕ ಅಡ್ಡಿಯಿಲ್ಲದ ನೋಟ. ಇಲ್ಲಿ ಮೂಗಿಗಿಂತ ಕಣ್ಣು ಮುಖ್ಯ, ಕಣ್ಣಿಗಿಂತ ಕಾಲು ಮುಖ್ಯ. ಉದ್ದ ಕಾಲು, ಆಳದ ಎದೆ, ಒಣ ಹೊಟ್ಟೆ, ಸಣ್ಣ ಕೂದಲು. ಅದೇ ಮುಧೋಳ ನಾಯಿ. ಬಿಸಿಲಿಗೆ, ಬಯಲಿಗೆ, ಓಟಕ್ಕೆ ಈ ನೆಲ ಕೊಟ್ಟ ಉತ್ತರ.

5/8
ಅಂದ್ರೆ ಹಕ್ಕಿ ನಾಯಿ ಯಾರ ಮಗು? ಬಂದೂಕಿನ ಮಗು. ಹಾರೋ ಹಕ್ಕಿಗೆ ಚರೆ ಗುಂಡು ಹೊಡೆದ್ರೆ ಅದು ದೂರ ಹೋಗಿ ಬೀಳುತ್ತೆ, ಪೊದೆಗೋ ನೀರಿಗೋ. ಹುಡುಕಿ ತರೋಕೆ ಒಬ್ಬ ಬೇಕು. ಇಂಗ್ಲೆಂಡಿನ ಶ್ರೀಮಂತರು ಒಂದೊಂದು ಕೆಲಸಕ್ಕೆ ಒಂದೊಂದು ನಾಯಿ ಇಟ್ಟರು: ಹಕ್ಕಿ ಇರೋ ಕಡೆ ಮೂಗು ಮಾಡಿ ನಿಲ್ಲೋಕೆ ಪಾಯಿಂಟರ್, ಎಬ್ಬಿಸೋಕೆ ಸ್ಪ್ಯಾನಿಯಲ್, ಬಿದ್ದದ್ದನ್ನ ತರೋಕೆ ರಿಟ್ರೀವರ್. ಜರ್ಮನಿಯಲ್ಲಿ 1848ರ ಕ್ರಾಂತಿ ಆದ್ಮೇಲೆ ಬೇಟೆಯ ಹಕ್ಕು ದೊರೆಮನೆಗಳ ಕೈ ದಾಟಿ ಜಮೀನಿದ್ದ ಸಾಮಾನ್ಯರಿಗೂ ಬಂತು. ಅವರಿಗೆ ನಾಲ್ಕು ನಾಯಿ ಸಾಕೋ ತಾಕತ್ತಿಲ್ಲ. ಒಂದೇ ನಾಯಿ ಎಲ್ಲಾ ಮಾಡಬೇಕು. ಹಾಗೆ ಬೆಳೆದದ್ದು 'ಎಲ್ಲದಕ್ಕೂ ಸೈ' ತಳಿಗಳು. ಒಂದು ತಳಿ ಹಿಂದೆ ಒಂದು ಕಾನೂನು, ಒಂದು ಆಯುಧ, ಒಂದು ಹವಾಮಾನ ಇರುತ್ತೆ. ಬರೀ ನಾಯಿನ ಮಾತ್ರ ಆಮದು ಮಾಡ್ಕೊಂಡ್ರೆ ಉಳಿದದ್ದು ಬರಲ್ಲ.

6/8
ಬ್ರಿಟಿಷರು ಬಂದೂಕು ತಂದ್ರು, ಶಿಕಾರಿಯ ಹುಚ್ಚನ್ನೂ ತಂದ್ರು. ಜೊತೆಗೆ ಬರವಣಿಗೆಯನ್ನೂ. ವಾಲ್ಟರ್ ಎಲಿಯಟ್ ಹೆಸರು ನೆನಪಿಡಿ. 1824ರ ಕಿತ್ತೂರು ದಂಗೆಯಲ್ಲಿ ಚೆನ್ನಮ್ಮನ ಕಡೆಯವರಿಗೆ ಸೆರೆಸಿಕ್ಕಿದ್ದ ಅಧಿಕಾರಿ! ಮುಂದೆ 1839ರಲ್ಲಿ ಧಾರವಾಡ ಸೀಮೆಯ ಸಸ್ತನಿಗಳ ಪಟ್ಟಿ ಬರೆದು, ಕನ್ನಡದ ಹೆಸರುಗಳನ್ನೂ ದಾಖಲಿಸಿದ. ಆಗ ಹಾವೇರಿನೂ ಅದೇ ಸೀಮೆ. ನಮ್ಮದು ಬೇರೆ ಜಿಲ್ಲೆ ಆಗಿದ್ದು 1997ರಲ್ಲಿ.

ಇತ್ತ ಮುಧೋಳದ ರಾಜ ಮಾಲೋಜಿರಾವ್ ಘೋರ್ಪಡೆ ಊರ ಬೇಡರ ಹತ್ರ ಇದ್ದ ನಾಯಿಗಳನ್ನ ಗುರುತಿಸಿ ತಳಿ ಉಳಿಸಿದ, ಒಂದು ಜೋಡಿಯನ್ನ ಐದನೇ ಜಾರ್ಜ್‌ಗೆ ಕೊಟ್ಟ ಅಂತ ಹೇಳ್ತಾರೆ. ರಾಜನ ಹೆಸರು ಉಳೀತು. ನಾಯಿನ ತಲೆಮಾರುಗಟ್ಟಲೆ ಸಾಕಿದ ಬೇಡರ ಒಬ್ಬರ ಹೆಸರೂ ಕಥೆಯಲ್ಲಿ ಬರಲ್ಲ. 2005ರಲ್ಲಿ ಮುಧೋಳ ನಾಯಿ ಅಂಚೆಚೀಟಿ ಮೇಲೆ ಬಂತು. ಆಮೇಲೆ ಸೇನೆಯ ತರಬೇತಿಗೂ ಹೋಯ್ತು.

7/8
ಈಗ ನಿಜವಾದ ಮಾತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದಾಗ ಕೆಲವು ಪ್ರಾಣಿಗಳಿಗೆ ಲೈಸೆನ್ಸ್ ಬೇಟೆ ಇನ್ನೂ ಇತ್ತು. 1991ರ ತಿದ್ದುಪಡಿ ಅದನ್ನೂ ತೆಗೆದುಹಾಕ್ತು. ಕಾಯ್ದೆಯಲ್ಲಿ 'ಬೇಟೆ' ಅಂದ್ರೆ ಗುಂಡು ಹೊಡೆಯೋದಷ್ಟೇ ಅಲ್ಲ. ಅಟ್ಟಿಸೋದು, ಉರುಲು ಹಾಕೋದು, ಹಕ್ಕಿಯ ಗೂಡು ಮೊಟ್ಟೆ ಕೆಡಿಸೋದು, ಇದಕ್ಕೆ ಪ್ರಯತ್ನ ಪಡೋದು ಕೂಡ ಬೇಟೆನೇ. ಕೃಷ್ಣಮೃಗ, ನವಿಲಿನಂಥ ಮೊದಲ ಪಟ್ಟಿಯ ಜೀವಿ ಆದ್ರೆ 3ರಿಂದ 7 ವರ್ಷ ಜೈಲು. "ನಾಯಿ ಓಡಿಸ್ತು, ನಾನಲ್ಲ" ಅನ್ನೋ ರೀಲ್ಸ್ ಹಾಕೋರು ಸಾಕ್ಷಿಯನ್ನ ತಾವೇ ಅಪ್‌ಲೋಡ್ ಮಾಡ್ತಿದ್ದಾರೆ.

ಜೈಲಿಗಿಂತ ದೊಡ್ಡ ಕಾರಣ ಇನ್ನೊಂದಿದೆ. ರಾಣೇಬೆನ್ನೂರು ಅಭಯಾರಣ್ಯ 1974ರಲ್ಲಿ ಘೋಷಣೆ ಆಯ್ತು, 119 ಚದರ ಕಿಲೋಮೀಟರ್. ಕೃಷ್ಣಮೃಗದ ಜೊತೆ ಎರೆಭೂತ, ಅಂದ್ರೆ ಗ್ರೇಟ್ ಇಂಡಿಯನ್ ಬಸ್ಟರ್ಡ್ ಕೂಡ ಅದರ ಹೆಮ್ಮೆ ಆಗಿತ್ತು. ಇವತ್ತು ಕೃಷ್ಣಮೃಗ ಐತಿ, ಎರೆಭೂತ ಇಲ್ಲ. ದೇಶದಲ್ಲೆಲ್ಲ ಅದನ್ನ ಮುಗಿಸಿದ್ದು ಎರಡು: ಶಿಕಾರಿ, ಮತ್ತೆ ಹುಲ್ಲುಗಾವಲು ಹೋಗಿದ್ದು. ಅದು ನೆಲದ ಮೇಲೆ ವರ್ಷಕ್ಕೆ ಸಾಮಾನ್ಯವಾಗಿ ಒಂದೇ ಮೊಟ್ಟೆ ಇಡೋ ಹಕ್ಕಿ. ಅಂಥ ಗೂಡಿನ ಹತ್ರ ಒಂದು ನಾಯಿ ಸುಮ್ನೆ ಆಟಕ್ಕೆ ಓಡಿದ್ರೂ ಆ ವರ್ಷ ಮುಗೀತು.

8/8
ಹಾಗಾದ್ರೆ ಯಾವ ನಾಯಿ ತರೋದು? ತಳಿ ಯಾವ ಕೆಲಸಕ್ಕೆ ಹುಟ್ಟಿತು ಅಂತ ಮೊದಲು ಕೇಳಿ. ಲ್ಯಾಬ್ರಡಾರ್ ಪೂರ್ವಜರು ನ್ಯೂಫೌಂಡ್‌ಲ್ಯಾಂಡಿನ ತಣ್ಣೀರಲ್ಲಿ ಈಜಿದವರು. ಅದರ ಎರಡು ಪದರದ ಕೂದಲಿಗೆ ಬ್ಯಾಡಗಿಯ ಏಪ್ರಿಲ್ ಬಿಸಿಲು ಶಿಕ್ಷೆ. ನೆರಳು, ನೀರು ಕೊಡೋಕಾದ್ರೆ ಮಾತ್ರ ತನ್ನಿ. ಮುಧೋಳಕ್ಕೆ ಬಿಸಿಲು ತೊಂದರೆ ಇಲ್ಲ. ಆದ್ರೆ ದಿನಾ ಓಡಬೇಕು, ಓಡೋದು ಕಂಡ್ರೆ ಅಟ್ಟುತ್ತೆ. ಬೇಲಿ ಇಲ್ಲದ ಕಡೆ ಹಗ್ಗ ಬಿಡಬೇಡಿ, ಹಾಗಂತ ಇಡೀ ದಿನ ಸರಪಳಿಗೂ ಕಟ್ಟಬೇಡಿ. ಇದೆಲ್ಲ ಆಗಲ್ಲ ಅಂದ್ರೆ ನಿಮ್ಮ ಓಣಿಯ ಮರಿಯೊಂದಕ್ಕೆ ಲಸಿಕೆ ಹಾಕಿಸಿ ಸಾಕಿ. ಈ ಹವಾಮಾನಕ್ಕೆ ಅದಕ್ಕಿಂತ ಹೊಂದುವ ನಾಯಿ ಇಲ್ಲ.

ನೀರುಹಕ್ಕಿ ನೋಡಬೇಕಾ? ಚಳಿಗಾಲದಲ್ಲಿ ಹೆಗ್ಗೇರಿ ಕೆರೆ ದಂಡೆಗೆ ಹೋಗಿ. ಪಕ್ಕದ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಹಿಮಾಲಯ ದಾಟಿ ಪಟ್ಟೆತಲೆ ಹೆಬ್ಬಾತು ಬರುತ್ತವೆ. ಆ ಕೆರೆ 2024ರಲ್ಲಿ ರಾಮ್ಸರ್ ಪಟ್ಟಿಗೆ ಸೇರಿತು. ದುರ್ಬೀನು ಒಯ್ಯಿರಿ, ನಾಯಿನ ಮನೇಲಿ ಬಿಡ್ರಿ.

ನಿಮ್ಮೂರಲ್ಲಿ ನಾಯಿ ಕೆತ್ತಿರೋ ವೀರಗಲ್ಲು ಇದ್ರೆ ಫೋಟೋ ಹಾಕಿ ಟ್ಯಾಗ್ ಮಾಡಿ. ಅರಿಶಿನ ಕುಂಕುಮ ಒರೆಸೋಕೆ ಹೋಗಬೇಡಿ, ಸುಣ್ಣ ಬಳಿಯೋಕೂ ಬಿಡಬೇಡಿ.

#ಹಾವೇರಿ #ರಾಣೇಬೆನ್ನೂರು #ಬ್ಯಾಡಗಿ #ಮುಧೋಳನಾಯಿ #ನಮ್ಮಇತಿಹಾಸ