ಸಂಬಳ ಶ್ರೀರಂಗಪಟ್ಟಣದ್ದು, ಕೆಲಸ ಮಸ್ಕತ್‌ನಲ್ಲಿ

ಪಾಲಹಳ್ಳಿಯ ಮನೆಯಲ್ಲಿ ಕೂತು ಬೆಂಗಳೂರಿನ ಕಂಪನಿಗೆ ದುಡಿಯುವುದು ಕೊರೊನಾ ಕಾಲದಿಂದ ನಮಗೆಲ್ಲ ಗೊತ್ತು. ಅದೇ ಲ್ಯಾಪ್‌ಟಾಪ್ ಹೆಗಲಿಗೆ ಹಾಕಿಕೊಂಡು, ಪ್ರವಾಸಿ ವೀಸಾದಲ್ಲಿ ವಿದೇಶದ ಅಕ್ಕನ ಮನೆಗೆ ಹೋಗಿ ಅಲ್ಲಿಂದಲೇ ಕೆಲಸ ಮಾಡಬಹುದೇ? ಪ್ರಶ್ನೆ ಹೊಸದು. ಆದರೆ ಊರಿನ ಸಂಬಳ ಪಡೆದು ಪರದೇಶದಲ್ಲಿ ದುಡಿಯುವುದು ನಮ್ಮ ಸೀಮೆಗೆ ಹೊಸದಲ್ಲ.

1780ರ ದಶಕದಲ್ಲಿ ಟಿಪ್ಪು ಸುಲ್ತಾನನ ಸರ್ಕಾರ ಅರಬ್ಬಿ ಸಮುದ್ರದ ಆಚೆ ಮಸ್ಕತ್‌ನಲ್ಲಿ ವ್ಯಾಪಾರದ ಕೋಠಿ ಇಟ್ಟಿತ್ತು. ಅದನ್ನು ನೋಡಿಕೊಳ್ಳುತ್ತಿದ್ದವನು ದರೋಗ ಮೀರ್ ಕಾಜಿಮ್. ಇಲ್ಲಿನ ಗಂಧ, ಮೆಣಸು, ಏಲಕ್ಕಿ, ಅಕ್ಕಿ ಅಲ್ಲಿ ಬಿಕರಿಯಾಗುತ್ತಿದ್ದವು. ಯಜಮಾನ ಕಾವೇರಿ ದಡದಲ್ಲಿ, ನೌಕರ ಮಸ್ಕತ್ ಬಂದರಿನಲ್ಲಿ. ನಡುವೆ ಇದ್ದದ್ದು ಹಾಯಿಹಡಗು ಮತ್ತು ಕಾಗದ.

ಟಿಪ್ಪುವಿನ ಪತ್ರಗಳಲ್ಲಿ ಹಲವನ್ನು ಕರ್ಕ್‌ಪ್ಯಾಟ್ರಿಕ್ ಎಂಬ ಇಂಗ್ಲಿಷ್ ಅಧಿಕಾರಿ 1811ರಲ್ಲಿ ಇಂಗ್ಲಿಷಿಗೆ ತಂದು ಲಂಡನ್ನಿನಲ್ಲಿ ಅಚ್ಚು ಹಾಕಿಸಿದ. ಅವುಗಳಲ್ಲಿ ಮೀರ್ ಕಾಜಿಮ್‌ಗೆ ಬಂದ ಹುಕುಂಗಳೂ ಇವೆ: ರೇಷ್ಮೆ ಹುಳು ಕಳಿಸು, ಸಾಕಲು ಬಲ್ಲವರನ್ನೂ ಕಳಿಸು, ಕೇಸರಿ ಬೀಜ ಹುಡುಕು, ಮುತ್ತು ತೆಗೆಯುವ ಮುಳುಗುಗಾರರನ್ನು ಕರೆತಾ. ಇಂದಿನ ಆಫೀಸ್ ಮೆಸೇಜ್‌ನಂತೆಯೇ. ಒಂದೇ ವ್ಯತ್ಯಾಸ, ಮುಂಗಾರು ಶುರುವಾದರೆ ಹಡಗೇ ಓಡುತ್ತಿರಲಿಲ್ಲ.

1787ರಲ್ಲಿ ದರ್ವೇಶ್ ಖಾನ್, ಅಕ್ಬರ್ ಅಲಿ ಖಾನ್, ಉಸ್ಮಾನ್ ಖಾನ್ ಎಂಬ ಮೂವರು ರಾಯಭಾರಿಗಳು ಪುದುಚೇರಿಯಿಂದ ಫ್ರಾನ್ಸಿಗೆ ಹೊರಟರು. 1788ರ ಆಗಸ್ಟ್ 10ರಂದು ವರ್ಸೇಲ್ಸ್ ಅರಮನೆಯಲ್ಲಿ ಹದಿನಾರನೇ ಲೂಯಿ ದೊರೆಯನ್ನು ಕಂಡರು. ಪ್ಯಾರಿಸ್ ಜನ ಅವರನ್ನು ನೋಡಲು ಮುಗಿಬಿದ್ದರು. ಕೇಳಿದ ಸೈನ್ಯ ಮಾತ್ರ ಸಿಗಲಿಲ್ಲ.

ಪಾಲಹಳ್ಳಿ ಎದುರು ದಿಕ್ಕನ್ನೂ ಕಂಡಿದೆ. 1847ರಲ್ಲಿ ಗ್ರೋವ್ಸ್ ಕಂಪನಿ ಇಲ್ಲಿ ಅಷ್ಟಗ್ರಾಮ ಸಕ್ಕರೆ ಕಾರ್ಖಾನೆ ಶುರುಮಾಡಿತು. ಬೆಲ್ಲ ನಮ್ಮ ರೈತರದ್ದು, ಯಜಮಾನಿಕೆ ಹೊರಗಿನವರದ್ದು.

ಇವರೆಲ್ಲರಲ್ಲಿ ಒಂದು ಸಾಮ್ಯ ಇದೆ. ಯಾರ ಕೆಲಸಕ್ಕೆ ಬಂದಿದ್ದಾರೆಂದು ಆ ನೆಲದ ದೊರೆಗೆ ಗೊತ್ತಿತ್ತು. ಒಪ್ಪಿಗೆ ಇಬ್ಬರು ಆಳುವವರ ನಡುವೆ ಆಗುತ್ತಿತ್ತು. ಮೊದಲ ಮಹಾಯುದ್ಧದ ಹೊತ್ತಿಗೆ ಪಾಸ್‌ಪೋರ್ಟ್ ಎಲ್ಲೆಡೆ ಕಡ್ಡಾಯವಾಗತೊಡಗಿತು. ಭಾರತದಲ್ಲಿ 1920ರಲ್ಲಿ ಕಾಯ್ದೆ ಬಂತು. ಅಲ್ಲಿಂದ ಲೆಕ್ಕ ಒಬ್ಬೊಬ್ಬ ಪ್ರಯಾಣಿಕನ ತಲೆಗೆ ಬಿತ್ತು: ನೀನು ನೋಡಲು ಬಂದೆಯಾ, ದುಡಿಯಲು ಬಂದೆಯಾ?

ಲ್ಯಾಪ್‌ಟಾಪ್ ಈ ಗೆರೆಯನ್ನು ಅಳಿಸಿತು. ಕಾನೂನು ನಿಧಾನವಾಗಿ ಹಿಂದೆ ಬರುತ್ತಿದೆ. ಎಸ್ಟೋನಿಯಾ 2020ರಲ್ಲಿ ಇಂಥವರಿಗೆಂದೇ ಬೇರೆ ವೀಸಾ ತಂದಿತು. ಬ್ರಿಟನ್ 2024ರ ಜನವರಿ 31ರಿಂದ, ಭೇಟಿಯ ಮುಖ್ಯ ಉದ್ದೇಶ ಅದಾಗಿರದಿದ್ದರೆ, ಪ್ರವಾಸಿಗರು ತಮ್ಮ ದೇಶದ ಕೆಲಸ ಮಾಡಬಹುದೆಂದಿತು. ನ್ಯೂಜಿಲೆಂಡ್ 2025ರ ಜನವರಿ 27ರಿಂದ ಒಪ್ಪಿತು. ಆದರೆ 90 ದಿನ ದಾಟಿದರೆ ತೆರಿಗೆ ಬೀಳಬಹುದು. ಎಲ್ಲ ದೇಶಗಳೂ ಹೀಗಿಲ್ಲ. ಕೆಲವೆಡೆ ಇದು ವೀಸಾ ಷರತ್ತಿನ ಉಲ್ಲಂಘನೆಯೇ ಆಗಬಹುದು.

ಆದ್ದರಿಂದ ಟಿಕೆಟ್ ತೆಗೆಯುವ ಮೊದಲು ಆ ದೇಶದ ಸರ್ಕಾರಿ ವೆಬ್‌ಸೈಟಿನಲ್ಲಿ ಸಂದರ್ಶಕ ವೀಸಾ ನಿಯಮ ಓದಿ. ಕಂಪನಿಯ ಒಪ್ಪಿಗೆಯನ್ನು ಬರಹದಲ್ಲಿ ಪಡೆಯಿರಿ. ವಿಮಾನ ನಿಲ್ದಾಣದಲ್ಲಿ ಕೇಳಿದರೆ ಇದ್ದದ್ದು ಇದ್ದ ಹಾಗೆ ಹೇಳಿ. ಮೀರ್ ಕಾಜಿಮ್ ಕೋಠಿಯ ಬಾಗಿಲು ತೆರೆದೇ ಕೆಲಸ ಮಾಡಿದ. ಇಂದು ಸುಳ್ಳು ಹೇಳಿ ಸಿಕ್ಕಿಬಿದ್ದರೆ ಮುಂದಿನ ವೀಸಾಕ್ಕೂ ಕುತ್ತು.