ಕುಪ್ವಾಡದ ಸೊಪ್ಪು, ಸೊಲ್ಲಾಪುರದ ಬೋಲ್ಟು, ನಮ್ಮ ಬೆರಕೆ ಮಾತು

ನಾನು ಭಾಷಾಶಾಸ್ತ್ರ ಓದಿದವನಲ್ಲ. ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ, ಬಾಪನ ಜಿನಸಿ ಅಂಗಡಿಯ ಗಲ್ಲಾದಲ್ಲಿ ಎರಡು ವರ್ಷ ಕೂತು, ಆಮೇಲೆ ಸೊಲ್ಲಾಪುರದ ಅಕ್ಕಲಕೋಟೆ ರೋಡ್ ಎಂಐಡಿಸಿಯ ಒಂದು ಟವೆಲ್ ಫ್ಯಾಕ್ಟರಿಗೆ ಮಗ್ಗಗಳ ಮೆಂಟೆನೆನ್ಸ್ ಕೆಲಸಕ್ಕೆ ಬಂದವನು. ಅಂಥವನೊಬ್ಬ ಭಾಷಾಶಾಸ್ತ್ರದ ಸಮ್ಮೇಳನಕ್ಕೆ ಪ್ರಬಂಧ ಕಳಿಸಿದ್ದು, ಅದು ವಾಪಸ್ ಬಂದದ್ದು, ವಾಪಸ್ ಬಂದ ಕಾರಣಕ್ಕೇ ಒಂದು ದೊಡ್ಡ ಕಥೆ ಗೊತ್ತಾದದ್ದು, ಇದನ್ನೆಲ್ಲ ನಮ್ಮವರಿಗೆ ಹೇಳಬೇಕು ಅನಿಸಿತು. ಯಾಕೆಂದರೆ ಕಥೆ ಮಹಾರಾಷ್ಟ್ರದ್ದಾದರೂ ಪ್ರಶ್ನೆ ನಮ್ಮ ಮನೆಯದ್ದು.

ನಮ್ಮ ಫ್ಯಾಕ್ಟರಿಯಲ್ಲಿ ನಾಲ್ಕು ಭಾಷೆ ಓಡುತ್ತದೆ. ನೇಕಾರರಲ್ಲಿ ಬಹುಪಾಲು ತೆಲುಗು ಮಾತಾಡುವ ಪದ್ಮಶಾಲಿಗಳು. ಫಿಟ್ಟರ್‌ಗಳು ದಖನಿ ಉರ್ದುವಿನವರು. ಸೂಪರ್‌ವೈಸರ್ ಮರಾಠಿ. ಅಕ್ಕಲಕೋಟೆ ಕಡೆಯಿಂದ ದಿನಾ ಬಸ್ಸು ಹತ್ತಿ ಬರುವ ಹುಡುಗರ ಮನೆಮಾತು ಕನ್ನಡ. ಸೊಲ್ಲಾಪುರ ಅಂದರೆ ಇದೇ. ಹನ್ನೆರಡನೇ ಶತಮಾನದ ವಚನಕಾರ ಸಿದ್ಧರಾಮನ ಸೊನ್ನಲಿಗೆ ಇದೇ ಊರು. 1931ರ ಜನವರಿಯಲ್ಲಿ ಯೆರವಡಾ ಜೈಲಿನಲ್ಲಿ ಬ್ರಿಟಿಷರು ಗಲ್ಲಿಗೇರಿಸಿದ ಇಲ್ಲಿನ ನಾಲ್ವರ ಹೆಸರು ಮಲ್ಲಪ್ಪ ಧನಶೆಟ್ಟಿ, ಕುರ್ಬಾನ್ ಹುಸೇನ್, ಜಗನ್ನಾಥ ಶಿಂದೆ, ಶ್ರೀಕಿಸನ್ ಸಾರಡಾ. ಆ ಹೆಸರುಗಳನ್ನು ಓದಿದರೆ ಸಾಕು, ಈ ಊರಲ್ಲಿ ಎಷ್ಟು ಬಗೆಯ ಮನೆಗಳಿವೆ ಎಂದು ತಿಳಿಯುತ್ತದೆ.

ಬಂದ ಹೊಸದರಲ್ಲಿ ನನಗೆ ಒಂದು ವಿಚಿತ್ರ ಕಂಡಿತು. ಬೋಲ್ಟು ಬಿಚ್ಚಿ ತಾ ಎಂದು ಮೂವರನ್ನು ಕಳಿಸಿದರೆ ಒಬ್ಬ ಬಂದು 'ಬೋಲ್ಟ್ ಬಿಚ್ಚಿ ತಗೊಂಡು ಬಂದೆ' ಅನ್ನುತ್ತಾನೆ, ಇನ್ನೊಬ್ಬ 'ಬೋಲ್ಟ್ ನಿಕಾಲ್‌ಕೆ ಲೇಕೆ ಆಯಾ' ಅನ್ನುತ್ತಾನೆ, ಮತ್ತೊಬ್ಬ 'ಬೋಲ್ಟ್ ಕಾಢೂನ್ ಘೇಊನ್ ಆಲೋ' ಅನ್ನುತ್ತಾನೆ. ಪದಗಳು ಬೇರೆ, ಆದರೆ ಒಂದರ ಮೇಲೊಂದು ಇಟ್ಟರೆ ಸರಿಯಾಗಿ ಕೂರುತ್ತವೆ. 'ಮಳೆ ಬರ್ತದ ಅಂತ ಹೇಳಿದ' ಅನ್ನುವಾಗ ಕನ್ನಡದ 'ಅಂತ' ನಿಂತ ಜಾಗದಲ್ಲೇ ಮರಾಠಿಯ 'ಮ್ಹಣೂನ್', ತೆಲುಗಿನ 'ಅನಿ', ದಖನಿಯ 'ಬೋಲ್ಕೆ' ನಿಲ್ಲುತ್ತದೆ. ದಿಲ್ಲಿ ಕಡೆಯ ಉರ್ದುವಿನವರು ಹೀಗೆ 'ಬೋಲ್ಕೆ' ಹಾಕುವುದಿಲ್ಲ, ಅದು ದಕ್ಷಿಣದ ಗಾಳಿ. ದಖನಿಯವರು ಒತ್ತಿ ಹೇಳುವಾಗ ಕೊನೆಗೆ ಸೇರಿಸುವ 'ಚ್' ಮರಾಠಿಯದ್ದು. ನಟ್ಟು ಬೇರೆ ಕಂಪನಿಯದ್ದು, ಬೋಲ್ಟು ಬೇರೆ ಕಂಪನಿಯದ್ದು, ಆದರೆ ಥ್ರೆಡ್ ಒಂದೇ. (ನಮ್ಮ ಮನೆ ಮಾತಿನಲ್ಲಿ ಈ 'ಅಂತ'ಕ್ಕೆ ಏನನ್ನುತ್ತೇವೆ, ಎಲ್ಲಿ ಇಡುತ್ತೇವೆ, ಓದುವುದನ್ನು ನಿಲ್ಲಿಸಿ ಒಮ್ಮೆ ಹೇಳಿ ನೋಡಿ.)

ಇಂಥದ್ದನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟೆ. ಕಾಲೇಜಿನಲ್ಲಿ ಪಾಠ ಮಾಡುವ ಸಂಬಂಧಿಯೊಬ್ಬರು ಅದನ್ನು ನೋಡಿ, ಇದನ್ನು ಒಂದು ಸಮ್ಮೇಳನಕ್ಕೆ ಕಳಿಸು ಮಾರಾಯ ಅಂದರು. ಸಮ್ಮೇಳನಕ್ಕೆ ಮೊದಲು ಇಡೀ ಪ್ರಬಂಧ ಕಳಿಸುವುದಿಲ್ಲ, ಒಂದು ಪುಟದ ಸಾರಾಂಶ ಕಳಿಸಬೇಕು. ಅದರಲ್ಲಿ ನಮ್ಮ ಹೆಸರು ಎಲ್ಲೂ ಇರಬಾರದು. ಓದುವವರಿಗೆ ಬರೆದವರು ಯಾರು ಎಂದು ಗೊತ್ತಾಗುವುದಿಲ್ಲ, ನಮಗೆ ಓದಿದವರು ಯಾರು ಎಂದು ಗೊತ್ತಾಗುವುದಿಲ್ಲ. ಈ ಪದ್ಧತಿ ನನಗೆ ತುಂಬಾ ಹಿಡಿಸಿತು. ಪ್ರೊಫೆಸರ್ ಆದರೂ ಫಿಟ್ಟರ್ ಆದರೂ ಕಾಗದ ಒಂದೇ. ಆದರೆ ಹೆಸರು ತುಂಬುವ ಫಾರ್ಮ್ ಬೇರೆ ಇರುತ್ತದೆ, ಅಲ್ಲಿ 'ಸಂಸ್ಥೆ' ಎಂಬ ಖಾನೆ ಇತ್ತು. ಟವೆಲ್ ಫ್ಯಾಕ್ಟರಿ ಎಂದು ಬರೆಯಲು ನಾಚಿಕೆಯಾಗಿ 'ಸ್ವತಂತ್ರ' ಎಂದು ಬರೆದೆ.

ಎರಡು ತಿಂಗಳ ನಂತರ ಉತ್ತರ ಬಂತು. ಸ್ವೀಕರಿಸಿಲ್ಲ. ಕಾರಣ ಎರಡು: ವಾಕ್ಯಗಳನ್ನು ಯಾರಿಂದ, ಹೇಗೆ ಸಂಗ್ರಹಿಸಿದ್ದು ಎಂದು ಹೇಳಿಲ್ಲ, ಕುಪ್ವಾಡದ ಬಗ್ಗೆ ಆದ ಕೆಲಸವನ್ನು ಲೇಖಕರು ನೋಡಿದಂತಿಲ್ಲ. ಎರಡೂ ನಿಜ. ಕುಪ್ವಾಡ ಅಂದರೆ ಏನು ಎಂದೇ ನನಗೆ ಗೊತ್ತಿರಲಿಲ್ಲ.

ಕುಪ್ವಾಡ ಸೊಲ್ಲಾಪುರದಿಂದ ಸುಮಾರು 200 ಕಿಲೋಮೀಟರ್ ದೂರ, ಸಾಂಗ್ಲಿ ಜಿಲ್ಲೆಯಲ್ಲಿದೆ. ಈಗ ಅದು ಹಳ್ಳಿಯಲ್ಲ, 1998ರಲ್ಲಿ ಆದ ಸಾಂಗ್ಲಿ-ಮಿರಜ್-ಕುಪ್ವಾಡ ಮಹಾನಗರಪಾಲಿಕೆಯ ಭಾಗ. ಆದರೆ 1960ರ ದಶಕದಲ್ಲಿ ಸುಮಾರು 3000 ಜನರ ಹಳ್ಳಿ, ಅಂದಿನ ಮೈಸೂರು ರಾಜ್ಯದ ಗಡಿಗೆ ಹತ್ತಿರ. ಜೈನರದ್ದು ಮತ್ತು ಲಿಂಗಾಯತ ಕಸುಬುದಾರರದ್ದು ಕನ್ನಡ, ಮುಸ್ಲಿಮರದ್ದು ಉರ್ದು, ದಲಿತರದ್ದು ಮತ್ತು ಭೂಮಿಯಿಲ್ಲದ ಕೂಲಿಗಳದ್ದು ಮರಾಠಿ, ಹಗ್ಗ ಹೊಸೆಯುವ ಕೆಲವು ಮನೆಗಳದ್ದು ತೆಲುಗು. ಅಲ್ಲಿ ಅಧ್ಯಯನ ಮಾಡಿದವರು ಜಾನ್ ಗಂಪರ್ಜ್ ಮತ್ತು ರಾಬರ್ಟ್ ವಿಲ್ಸನ್. ಗಂಪರ್ಜ್ ಹುಟ್ಟಿದ್ದು 1922ರಲ್ಲಿ ಜರ್ಮನಿಯಲ್ಲಿ, ಪಾಠ ಮಾಡಿದ್ದು ಅಮೆರಿಕದ ಬರ್ಕ್ಲಿಯಲ್ಲಿ.

ಇವರು ತಮ್ಮ ಪ್ರಬಂಧವನ್ನು ಮಂಡಿಸಿದ್ದು ಎಲ್ಲಿ ಗೊತ್ತೇ? ಪುಣೆಯಲ್ಲೂ ಅಲ್ಲ, ಧಾರವಾಡದಲ್ಲೂ ಅಲ್ಲ. ಜಮೈಕಾದಲ್ಲಿ. 1968ರ ಏಪ್ರಿಲ್‌ನಲ್ಲಿ ಅಲ್ಲಿನ ಮೋನಾ ಎಂಬಲ್ಲಿರುವ ವೆಸ್ಟ್ ಇಂಡೀಸ್ ವಿಶ್ವವಿದ್ಯಾಲಯದಲ್ಲಿ ಒಂದು ಸಮ್ಮೇಳನ ನಡೆಯಿತು. ವಿಷಯ ಪಿಜಿನ್ ಮತ್ತು ಕ್ರಿಯೋಲ್ ಭಾಷೆಗಳು. ಅಂದರೆ ಬೇರೆ ಬೇರೆ ಕಡೆಯ ಜನ ಒಂದೆಡೆ ಬಿದ್ದಾಗ ಹುಟ್ಟುವ ಕೂಡು ಭಾಷೆಗಳು. ಕೆರಿಬಿಯನ್ ದ್ವೀಪಗಳಲ್ಲಿ ಗುಲಾಮರಾಗಿ ತಂದ ಆಫ್ರಿಕನ್ನರ ಮಕ್ಕಳು ಮಾತಾಡುವ ಭಾಷೆಗಳನ್ನು ಅಲ್ಲಿಯವರೆಗೆ ಬಹಳಷ್ಟು ಜನ 'ಒಡೆದ ಇಂಗ್ಲಿಷ್', 'ಹಾಳಾದ ಫ್ರೆಂಚ್' ಎಂದು ಹೀಗಳೆಯುತ್ತಿದ್ದರು. ಅವುಗಳಿಗೂ ಪೂರ್ತಿ ವ್ಯಾಕರಣ ಇದೆ ಎಂದು ತೋರಿಸುವ ಆ ಸಭೆಯಲ್ಲಿ ಸಾಂಗ್ಲಿ ಜಿಲ್ಲೆಯ ಹಳ್ಳಿಯ ನಮ್ಮ ಕನ್ನಡವೂ ದಖನಿಯೂ ಹೋಗಿ ಕೂತಿತು. ಪ್ರಬಂಧಗಳು ಡೆಲ್ ಹೈಮ್ಸ್ ಸಂಪಾದಕತ್ವದಲ್ಲಿ 1971ರಲ್ಲಿ ಕೇಂಬ್ರಿಜ್‌ನಿಂದ ಪುಸ್ತಕವಾಗಿ ಬಂದವು. ಅಂದಿನಿಂದ ಭಾಷಾಸಂಪರ್ಕದ ಬಗ್ಗೆ ಪಾಠ ಮಾಡುವ ಕಡೆಯಲ್ಲೆಲ್ಲ ಕುಪ್ವಾಡದ ಹೆಸರು ಬರುತ್ತದೆ. ಅದರಲ್ಲಿ ಬಹಳ ಹೆಸರಾದ ಉದಾಹರಣೆ, ಒಬ್ಬ ಸ್ವಲ್ಪ ಸೊಪ್ಪು ಕೊಯ್ದು ತಂದದ್ದರ ಬಗ್ಗೆ. ನನ್ನ ಬೋಲ್ಟಿನ ವಾಕ್ಯದ ಹಾಗೆಯೇ, ಮೂರು ಭಾಷೆಯಲ್ಲಿ ಒಂದರ ಕೆಳಗೊಂದು. ನಾನು ಹುಟ್ಟುವ ಎಷ್ಟೋ ಮೊದಲೇ ಆಗಿಹೋಗಿತ್ತು!

ಅವರು ಹೇಳಿದ್ದರಲ್ಲಿ ನನಗೆ ಮುಖ್ಯ ಅನಿಸಿದ್ದು, ಕೊಡುಕೊಳ್ಳುವಿಕೆ ಒಂದೇ ದಿಕ್ಕಿನಲ್ಲಿ ಆಗಿರಲಿಲ್ಲ ಎಂಬುದು. ಪುಸ್ತಕದ ಕನ್ನಡದಲ್ಲಿ 'ಇದು ನಿಮ್ಮ ಮನೆ' ಅಂದರೆ ಮುಗಿಯಿತು. ಕುಪ್ವಾಡದ ಕನ್ನಡದಲ್ಲಿ ಕೊನೆಗೆ 'ಐತಿ' ಬರಬೇಕು, ಮರಾಠಿಯ 'ಆಹೇ', ಉರ್ದುವಿನ 'ಹೈ' ಇದ್ದ ಹಾಗೆ. ಇಲ್ಲಿ ಕನ್ನಡ ಬಗ್ಗಿತು. ಇನ್ನೊಂದು ಕಡೆ ಉರ್ದು ಬಗ್ಗಿತು. ಉರ್ದುವಿನಲ್ಲಿ ನದಿ ಹೆಣ್ಣು, 'ಆಯೀ' ಅನ್ನಬೇಕು. ಕನ್ನಡದಲ್ಲಿ ಹೆಂಗಸರು ಮಾತ್ರ ಹೆಣ್ಣು, ನದಿ ಒಂದು ವಸ್ತು. ಕುಪ್ವಾಡದ ಮುಸ್ಲಿಮರು ಕನ್ನಡದ ಲೆಕ್ಕ ಹಿಡಿದು ನದಿಗೂ 'ಆಯಾ' ಅನ್ನುತ್ತಿದ್ದರು. ನಮ್ಮ ಫ್ಯಾಕ್ಟರಿ ಗೇಟಿನಲ್ಲಿ ದಿನಾ 'ಗಾಡಿ ಆಯಾ' ಎಂದು ಕೇಳುತ್ತೇನೆ. ಉತ್ತರ ಪ್ರದೇಶದಿಂದ ಬಂದ ಎಲೆಕ್ಟ್ರಿಷಿಯನ್ ಒಬ್ಬ ಇದಕ್ಕೆ ನಗುತ್ತಾನೆ. ತಪ್ಪು ಹಿಡಿದು ನಗುವವರು ಎಲ್ಲ ಕಡೆಯೂ ಇರುತ್ತಾರೆ.

ಇಷ್ಟು ಬೆರೆತರೂ ಭಾಷೆಗಳು ಒಂದಾಗಿ ಕರಗಲಿಲ್ಲ ಯಾಕೆ ಎಂಬುದಕ್ಕೂ ಅವರು ಉತ್ತರ ಕೊಟ್ಟಿದ್ದಾರೆ. ಮನೆಯೊಳಗೆ ಮನೆಯ ಭಾಷೆ, ಹೊರಗೆ ಕೆಲಸದಲ್ಲಿ ಎಲ್ಲರಿಗೂ ಸಲ್ಲುವ ಮರಾಠಿ. ಪದ ಉಳಿಸಿಕೊಂಡರೆ ನಾವು ಯಾರು ಎಂಬುದು ಉಳಿಯಿತು, ಜೋಡಣೆ ಒಂದೇ ಆದರೆ ದಿನದ ವ್ಯವಹಾರ ಸುಲಭವಾಯಿತು. ಅಂಗಡಿಯಲ್ಲಿ ತುಳು, ಕೊಂಕಣಿ, ಕನ್ನಡ ಮೂರನ್ನೂ ಆಡಿ ಮನೆಯ ಹೊಸ್ತಿಲು ದಾಟಿದ ಕೂಡಲೇ ಬ್ಯಾರಿಗೆ ಬದಲುವ ನನ್ನ ಬಾಪನನ್ನು ನೋಡಿ ಬೆಳೆದವನಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆ ಪ್ರಬಂಧವೇ ಕೊನೆಯ ಮಾತೂ ಅಲ್ಲ. ಪುಣೆಯ ಡೆಕ್ಕನ್ ಕಾಲೇಜಿನ ಸೋನಲ್ ಕುಲಕರ್ಣಿ-ಜೋಶಿ ನಲವತ್ತು ವರ್ಷಗಳ ನಂತರ ಅದೇ ಕುಪ್ವಾಡಕ್ಕೆ ಹೋಗಿ, ಹಳೆಯ ತೀರ್ಮಾನಗಳನ್ನು ಒರೆಗೆ ಹಚ್ಚಿ 2016ರಲ್ಲಿ ಲೇಖನ ಪ್ರಕಟಿಸಿದರು. ಭಾಷಾವಾರು ರಾಜ್ಯ ಆದ ಮೇಲೆ ಶಾಲೆಯದ್ದೂ ಸರಕಾರದ್ದೂ ಒಂದೇ ಭಾಷೆಯಾಗಿ, ಮರಾಠಿಯ ತೂಕ ಹೆಚ್ಚಾಯಿತು. ನಾಲ್ಕು ಭಾಷೆ ಸರಿಸಮ ಕೂತಿದ್ದ ಕಟ್ಟೆ ಈಗ ಒಂದು ಕಡೆ ವಾಲಿದೆ. ಸಮ್ಮೇಳನದ ಲೋಕದಲ್ಲಿ ನನಗೆ ಗೌರವ ಹುಟ್ಟಿಸಿದ್ದು ಇದು: ಎಷ್ಟು ಹೆಸರಾದ ಪ್ರಬಂಧವಾದರೂ ಯಾರಾದರೂ ಮತ್ತೆ ಅದೇ ಊರಿಗೆ ಹೋಗಿ ಸರಿಯೇ ಎಂದು ಕೇಳಬಹುದು.

ಅಕ್ಕಲಕೋಟೆಗೆ ಈ ಮಾತು ಬೇರೆ ರೀತಿಯಲ್ಲಿ ತಾಗುತ್ತದೆ. ಅದು ಭೋಸಲೆ ಮನೆತನದ ಸಣ್ಣ ಸಂಸ್ಥಾನವಾಗಿತ್ತು, ಸ್ವಾತಂತ್ರ್ಯದ ನಂತರ ಮುಂಬಯಿ ಪ್ರಾಂತ್ಯಕ್ಕೆ ಸೇರಿತು. 1966ರಲ್ಲಿ ನೇಮಕವಾದ ಮಹಾಜನ ಆಯೋಗ ಮರುವರ್ಷ ಕೊಟ್ಟ ವರದಿಯಲ್ಲಿ ಅಕ್ಕಲಕೋಟೆ ತಾಲ್ಲೂಕು ಕರ್ನಾಟಕಕ್ಕೆ ಹೋಗಲಿ ಎಂದಿತು. ಅದು ಜಾರಿಯಾಗಲಿಲ್ಲ, 2004ರಲ್ಲಿ ಮಹಾರಾಷ್ಟ್ರ ಗಡಿ ವಿಷಯವನ್ನು ಸುಪ್ರೀಂ ಕೋರ್ಟಿಗೆ ಒಯ್ದಿತು. ಇಂಥ ಜಗಳದಲ್ಲಿ ಪ್ರತಿಯೊಬ್ಬನಿಗೂ ಒಂದೇ ಮಾತೃಭಾಷೆ ಬರೆಯಬೇಕು, ಊರಿಗೆ ಒಂದೇ ಬಣ್ಣ ಬಳಿಯಬೇಕು. ಅದೇ ವರ್ಷಗಳಲ್ಲಿ ಹತ್ತಿರದ ಜಿಲ್ಲೆಯ ಒಂದು ಹಳ್ಳಿಯಲ್ಲಿ ಇಬ್ಬರು ವಿದ್ವಾಂಸರು ಕೂತು, ಒಬ್ಬನ ಬಾಯಲ್ಲೇ ಮೂರು ಭಾಷೆ ಒಂದೇ ಅಚ್ಚಿನಲ್ಲಿ ಬರುವುದನ್ನು ಬರೆದುಕೊಳ್ಳುತ್ತಿದ್ದರು. ಎರಡೂ ಕಾಗದಗಳು ಒಂದನ್ನೊಂದು ನೋಡಲೇ ಇಲ್ಲ.

ಇನ್ನೊಬ್ಬರ ಹೆಸರು ಹೇಳದೆ ಮುಂದೆ ಹೋಗಲಾರೆ. ದಕ್ಷಿಣ ಸೊಲ್ಲಾಪುರ ತಾಲ್ಲೂಕಿನಲ್ಲಿ ಭೀಮಾ ಮತ್ತು ಸೀನಾ ನದಿಗಳು ಕೂಡುವಲ್ಲಿ ಹತ್ತರಸಂಗ ಕೂಡಲ ಎಂಬ ಊರಿದೆ. ಕೂಡಲ ಎಂಬ ಹೆಸರೇ ಕನ್ನಡ. ಅಲ್ಲಿನ ಗುಡಿಯಲ್ಲಿ ಶಕ 940ರ, ಅಂದರೆ ಕ್ರಿ.ಶ. 1018ರ ಶಾಸನದಲ್ಲಿ ಒಂದು ಮರಾಠಿ ಸಾಲಿದೆ. ಮೊದಲು ಮರಾಠಿಯ ಆದಿ ಶಾಸನ ಎಂದು ಎಲ್ಲರೂ ಹೇಳುತ್ತಿದ್ದದ್ದು ನಮ್ಮ ಶ್ರವಣಬೆಳಗೊಳದ ಸಾಲನ್ನು. ಅದಕ್ಕಿಂತ ಹಳೆಯದೆಂದು ಈ ಸಾಲನ್ನು ಬೆಳಕಿಗೆ ತಂದವರು ಸೊಲ್ಲಾಪುರದ ಆನಂದ ಕುಂಭಾರ. ಇವರು ವಿಶ್ವವಿದ್ಯಾಲಯದ ಪ್ರಾಧ್ಯಾಪಕರಲ್ಲ. ಸ್ವಂತ ಆಸಕ್ತಿಯಿಂದ ಜಿಲ್ಲೆಯ ಹಳ್ಳಿ ಸುತ್ತಿ ಶಾಸನ ಓದಿದವರು. ಇವರ ಬಗ್ಗೆ ತಿಳಿದ ಮೇಲೆ 'ಸಂಸ್ಥೆ' ಖಾನೆಯಲ್ಲಿ ಸುಳ್ಳು ನಾಚಿಕೆ ಪಟ್ಟದ್ದಕ್ಕೆ ನನಗೇ ಬೇಸರವಾಯಿತು.

ಈಗ ನಮ್ಮ ವಿಷಯ. ಬ್ಯಾರಿ ಭಾಷೆ ಅಂದರೆ ಸ್ವಲ್ಪ ಮಲಯಾಳ, ಸ್ವಲ್ಪ ತುಳು, ಅರಬಿ ಸೇರಿಸಿದ ಬೆರಕೆ ಎಂದು ನಾವೇ ನಗುತ್ತಾ ಹೇಳುತ್ತೇವೆ. ಊಟದ ತಟ್ಟೆಗೆ ಸಾನ್, ಊಟದ ಹಾಸಿಗೆ ಸುಪ್ರ, ಇವು ಅರಬಿಯಿಂದ ಬಂದವು, ನಿಜ. ಆದರೆ ಮಲಯಾಳದಲ್ಲಿ 'ವ' ಇರುವ ಕಡೆ ನಮ್ಮಲ್ಲಿ 'ಬ' ಬರುವುದು ಬಾಯಿ ತಪ್ಪಿ ಆದದ್ದಲ್ಲ. ಅದು ಕನ್ನಡ, ತುಳು ಮಣ್ಣಿನ ನಿಯಮ, ಪದ ಪದಕ್ಕೂ ಹಾಗೆಯೇ ಬರುತ್ತದೆ. ಸುಶೀಲಾ ಪಿ. ಉಪಾಧ್ಯಾಯರು ನಮ್ಮ ಭಾಷೆಯನ್ನೂ ಹಾಡುಗಳನ್ನೂ ಅಭ್ಯಾಸ ಮಾಡಿದರು. ಹೊರಗಿನವರೊಬ್ಬರು ಬಂದು ಕೇಳಿ ಬರೆದುಕೊಂಡರು, ನಾವು ಬರೆಯಲಿಲ್ಲ. 2007ರಲ್ಲಿ ಬ್ಯಾರಿ ಸಾಹಿತ್ಯ ಅಕಾಡೆಮಿ ಬಂತು, ಕವನ, ಕಥೆ ಬರುತ್ತಿವೆ, ಸಂತೋಷ. ಆದರೆ ನಮ್ಮ ವಾಕ್ಯ ಹೇಗೆ ಕೂಡುತ್ತದೆ, ಮಂಗಳೂರಿನ ಬ್ಯಾರಿಗೂ ಮಡಿಕೇರಿ ಕಡೆಯ ಬ್ಯಾರಿಗೂ ಏನು ವ್ಯತ್ಯಾಸ ಎಂದು ನಮ್ಮ ಹುಡುಗ ಹುಡುಗಿಯರೇ ಬರೆದು ಕಳಿಸಬೇಕಲ್ಲ?

ಕಳಿಸುವವರಿಗೆ ನನ್ನ ಅನುಭವದ ಎರಡು ಮಾತು. ತಿರುವನಂತಪುರದಲ್ಲಿ 1971ರಲ್ಲಿ ಹುಟ್ಟಿದ ದ್ರಾವಿಡ ಭಾಷಾವಿಜ್ಞಾನ ಸಂಘದವರು ಸಮ್ಮೇಳನ ನಡೆಸುತ್ತಾರೆ. ಬ್ಯಾರಿಯಂಥ ಭಾಷೆ ಅಲ್ಲಿ ಹೊರಗಿನದ್ದಲ್ಲ. ಉದಾಹರಣೆಗಳನ್ನು ಮೂರು ಸಾಲಿನಲ್ಲಿ ಕೊಡುವುದು ರೂಢಿ: ಮೊದಲು ಆಡಿದ ವಾಕ್ಯ, ಅದರ ಕೆಳಗೆ ಪ್ರತಿ ತುಂಡಿಗೂ ಅರ್ಥ, ಮೂರನೆಯದರಲ್ಲಿ ಪೂರ್ತಿ ಅನುವಾದ. ಮಷಿನ್ ಬಿಚ್ಚಿ ಬಿಡಿಭಾಗಗಳನ್ನು ಸಾಲಾಗಿ ಇಟ್ಟ ಹಾಗೆ. ಮತ್ತು ಮಾತಾಡಿದವರ ಒಪ್ಪಿಗೆ ಮೊದಲೇ ಕೇಳಿರಬೇಕು. ನಾನು ಇದರಲ್ಲೇ ಎಡವಿದ್ದು. ಕದ್ದು ಕೇಳಿ ಬರೆದ ವಾಕ್ಯಗಳನ್ನೆಲ್ಲ ಹೊಡೆದು ಹಾಕಿ, ಈಗ ಒಬ್ಬೊಬ್ಬರನ್ನೇ ಕೇಳುತ್ತಿದ್ದೇನೆ. ಅಕ್ಕಲಕೋಟೆಯ ಹುಡುಗ ನಕ್ಕು, "ಬರೀರಿ ಭಾಯ್, ಖರೆ ನನ್ನ ಹೆಸರ ಹಾಕಬ್ಯಾಡ್ರಿ, ಊರ ಹೆಸರ ಹಾಕ್ರಿ" ಅಂದ.

ಕಳೆದ ಸಲ ಊರಿಗೆ ಹೋದಾಗ ಉಮ್ಮನ ಮಾತನ್ನೂ ರೆಕಾರ್ಡ್ ಮಾಡಿದೆ. ಮಳೆಗಾಲಕ್ಕೆ ಮೊದಲು ಸಾಮಾನು ಕೂಡಿಡುತ್ತಿದ್ದ ಕಾಲದ್ದು, ಹದಿನಾಲ್ಕು ನಿಮಿಷ. ಮುಗಿದ ಮೇಲೆ, ಸರಿಯಾಗಿ ಮಾತಾಡಲಿಲ್ಲ, ಒಳ್ಳೆಯ ಬ್ಯಾರಿಯಲ್ಲ ಅದು, ಅಳಿಸಿಬಿಡು ಅಂದರು. ನಾನು ಅವರಿಗೆ ಕುಪ್ವಾಡದ ಸೊಪ್ಪಿನ ಕಥೆ ಹೇಳಿದೆ. ಜಮೈಕಾ ಎಲ್ಲಿದೆ ಎಂದು ಕೇಳಿದರು, ಆಮೇಲೆ ಇಟ್ಟುಕೋ ಅಂದರು. ಮೊದಲ ವಾಕ್ಯವನ್ನು ಮೂರು ಸಾಲಿಗೆ ಇಳಿಸಲು ನನಗೆ ಒಂದು ಇಡೀ ಸಂಜೆ ಹಿಡಿಯಿತು.