ಹೆರಿಗೆ ಕೋಣೆಯಲ್ಲಿ ಗುಣಮಟ್ಟದ ಅಳತೆ: ಬೆಳಗಾವಿ ವೈದ್ಯಕೀಯ ಕಾಲೇಜಿನ ಸಂಶೋಧನೆ

ಪಂಚವಟಿಯಿಂದ ದಿಂಡೋರಿ ರಸ್ತೆ ಹಿಡಿದು ಹೊರಟರೆ ಮ್ಹಸರೂಳದ ಬಳಿ ಮಹಾರಾಷ್ಟ್ರ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯವಿದೆ. 1998ರಲ್ಲಿ ಸ್ಥಾಪಿತವಾದ ಈ ವಿಶ್ವವಿದ್ಯಾಲಯವು ರಾಜ್ಯದ ಬಹುಪಾಲು ವೈದ್ಯಕೀಯ ಕಾಲೇಜುಗಳಿಗೆ ಪದವಿ ನೀಡುತ್ತದೆ. ಆದರೆ ಪದವಿ ಪಡೆದವರು ಕಲಿತದ್ದು ರೋಗಿಯ ಹಾಸಿಗೆಯ ಬಳಿ ಪ್ರತಿ ಸಲವೂ ನಡೆಯುತ್ತಿದೆಯೇ ಎಂದು ಅಳೆಯುವುದು ಬೇರೊಂದು ವಿದ್ಯೆ. ಆರೋಗ್ಯ ಸೇವೆಯ ಗುಣಮಟ್ಟವನ್ನು ವ್ಯವಸ್ಥೆ, ಕಾರ್ಯವಿಧಾನ, ಫಲಿತಾಂಶ ಎಂಬ ಮೂರು ನೆಲೆಗಳಲ್ಲಿ ನೋಡಬೇಕೆಂದು ಅವೆಡಿಸ್ ಡೊನಬೆಡಿಯನ್ ಅವರು 1966ರಲ್ಲಿ ಪ್ರತಿಪಾದಿಸಿದಂದಿನಿಂದ ಈ ವಿದ್ಯೆಗೆ ಶಾಸ್ತ್ರದ ರೂಪ ಬಂದಿದೆ. ಕನ್ನಡ ನಾಡಿನಲ್ಲಿ ಇದಕ್ಕೆ ಒಳ್ಳೆಯ ನಿದರ್ಶನವನ್ನು ನಾವು ಬೆಳಗಾವಿಯಲ್ಲಿ ಕಾಣುತ್ತೇವೆ. ನಮ್ಮ ಹಲವು ಮನೆಗಳ ಹೆಣ್ಣುಮಕ್ಕಳು ಚೊಚ್ಚಲ ಹೆರಿಗೆಗೆ ಆ ಸೀಮೆಯ ತವರಿಗೆ ಹೋಗುವವರಾದ್ದರಿಂದ ಈ ವಿಷಯ ನಮಗೆ ದೂರದ್ದೇನಲ್ಲ.

ಕೆ.ಎಲ್.ಇ. ಸಂಸ್ಥೆಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜು 1963ರಲ್ಲಿ ಆರಂಭವಾಯಿತು. ಅಲ್ಲಿಯ ಡಾ. ಬಿ. ಎಸ್. ಕೊಡ್ಕಣಿ, ಡಾ. ಶಿವಪ್ರಸಾದ ಗೌಡರ ಮೊದಲಾದವರು ಅಮೆರಿಕದ ಡಾ. ರಿಚರ್ಡ್ ಡರ್ಮನ್ ಅವರೊಡನೆ ಕೈಗೊಂಡ ಅಧ್ಯಯನದ ಮುಂದಿದ್ದ ಪ್ರಶ್ನೆ ಸರಳವಾದುದು: ಹೆರಿಗೆಯಾದ ಮೇಲೆ ತಾಯಿಗೆ ಎಷ್ಟು ರಕ್ತ ಹೋಯಿತು? ಬಾಣಂತಿಯರ ಸಾವಿಗೆ ಅತಿ ದೊಡ್ಡ ಕಾರಣವೇ ಈ ರಕ್ತಸ್ರಾವ. ಆದರೂ ಅದನ್ನು ಬಹುಕಾಲದಿಂದ ಕಣ್ಣಂದಾಜಿನಲ್ಲೇ ಅಳೆಯುತ್ತಿದ್ದರು. ಬೆಳಗಾವಿಯ ತಂಡವು ತಾಯಿಯ ಕೆಳಗೆ ಹಾಸುವ ಪ್ಲಾಸ್ಟಿಕ್ ಹಾಸೊಂದನ್ನು ಬಳಕೆಗೆ ತಂದಿತು. ಅದರ ತುದಿಯಲ್ಲಿ ಅಳತೆಗೆರೆಗಳಿರುವ ಚೀಲವಿದ್ದು, ಹರಿದ ರಕ್ತವೆಲ್ಲ ಅದರಲ್ಲಿ ಸಂಗ್ರಹವಾಗುತ್ತದೆ. ಹೋಲಿಸಿ ನೋಡಿದಾಗ ಕಣ್ಣಂದಾಜು ಹಾಸಿನ ಅಳತೆಗಿಂತ ಶೇಕಡಾ 33ರಷ್ಟು ಕಡಿಮೆಯಿತ್ತು. ಬ್ಯಾಂಕಿನಲ್ಲಿ ದಿನದ ಕೊನೆಗೆ ನಗದನ್ನು ಎಣಿಸದೆ ಅಂದಾಜಿನಲ್ಲಿ ಬರೆದಿಟ್ಟಂತೆ ಇದು. ಇಲ್ಲಿ ಕೊರತೆ ಬಿದ್ದದ್ದು ಹಣವಲ್ಲ ಎಂಬುದಷ್ಟೇ ವ್ಯತ್ಯಾಸ.

ಇದೇ ಹಾಸನ್ನು ಬಳಸಿ ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ 2002ರಿಂದ 2005ರವರೆಗೆ 1620 ತಾಯಂದಿರಲ್ಲಿ ಮಿಸೊಪ್ರೊಸ್ಟಾಲ್ ಗುಳಿಗೆಯ ಪರೀಕ್ಷೆ ನಡೆಯಿತು. ಗುಳಿಗೆ ಕೊಟ್ಟವರು ತಜ್ಞ ವೈದ್ಯರಲ್ಲ, ತರಬೇತಿ ಪಡೆದ ಎ.ಎನ್.ಎಂ. ದಾದಿಯರು. ತೀವ್ರ ರಕ್ತಸ್ರಾವದ ಪ್ರಮಾಣ ಶೇಕಡಾ 12ರಿಂದ 6.4ಕ್ಕೆ ಇಳಿಯಿತು, ಫಲಿತಾಂಶವು 2006ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟವಾಯಿತು. ಹೆರಿಗೆಯ ನಂತರದ ರಕ್ತಸ್ರಾವವನ್ನು ತಡೆಯುವ ಔಷಧವೆಂದು ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲಿ ಈ ಗುಳಿಗೆಯನ್ನು ತನ್ನ ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು.

ಎರಡನೆಯ ಪ್ರಯೋಗ ತರಬೇತಿಗೆ ಸಂಬಂಧಿಸಿದುದು. ವಿಶ್ವ ಆರೋಗ್ಯ ಸಂಸ್ಥೆಯ ಸುರಕ್ಷಿತ ಹೆರಿಗೆ ತಪಾಸಣಾ ಪಟ್ಟಿಯನ್ನು 2010ರಲ್ಲಿ ಕರ್ನಾಟಕದ ಒಂದು ಉಪಜಿಲ್ಲಾ ಮಟ್ಟದ ಹೆರಿಗೆ ಆಸ್ಪತ್ರೆಯಲ್ಲಿ ಪ್ರಯೋಗಿಸಲಾಯಿತು. ಅದರಲ್ಲಿ ಡಾ. ಕೊಡ್ಕಣಿಯವರೂ ಪಾಲ್ಗೊಂಡಿದ್ದರು. ಆಸ್ಪತ್ರೆಗೆ ಸೇರಿಸಿಕೊಳ್ಳುವಾಗ, ಹೆರಿಗೆಗೆ ತುಸು ಮುಂಚೆ, ಹೆರಿಗೆಯಾದ ಒಂದು ಗಂಟೆಯೊಳಗೆ, ಮನೆಗೆ ಕಳುಹಿಸುವಾಗ, ಹೀಗೆ ನಾಲ್ಕು ಕಡೆ ನಿಂತು ಪಟ್ಟಿಯನ್ನು ನೋಡಬೇಕು. ಅಗತ್ಯವಾದ 29 ಕ್ರಮಗಳಲ್ಲಿ ಮೊದಲು ಸರಾಸರಿ 10 ಮಾತ್ರ ನಡೆಯುತ್ತಿದ್ದವು. ಪಟ್ಟಿ ಬಂದ ಮೇಲೆ 25 ನಡೆದವು. ಕೈ ತೊಳೆಯುವುದು, ರಕ್ತದೊತ್ತಡ ನೋಡುವುದು ಯಾವ ದಾದಿಗೂ ಗೊತ್ತಿಲ್ಲದ ವಿದ್ಯೆಯಲ್ಲ. ಗೊತ್ತಿದ್ದೂ ಬಿಟ್ಟುಹೋಗುವುದೇ ರೋಗ.

ಹಾಗೆಂದು ಪಟ್ಟಿಯೊಂದರಿಂದಲೇ ಎಲ್ಲವೂ ಸರಿಹೋಗದು. ಉತ್ತರ ಪ್ರದೇಶದ 120 ಆಸ್ಪತ್ರೆಗಳಲ್ಲಿ ಇದೇ ಪಟ್ಟಿಯನ್ನು ಮಾರ್ಗದರ್ಶಕರ ನೆರವಿನೊಡನೆ ಪರೀಕ್ಷಿಸಿದ ಬೆಟರ್‌ಬರ್ತ್ ಅಧ್ಯಯನದ ಫಲಿತಾಂಶ 2017ರಲ್ಲಿ ಹೊರಬಂದಾಗ ಆಚರಣೆ ಸುಧಾರಿಸಿದ್ದು ಕಂಡಿತು. ತಾಯಿ-ಮಕ್ಕಳ ಸಾವು ಮಾತ್ರ ಗಣನೀಯವಾಗಿ ಇಳಿಯಲಿಲ್ಲ. ಮಾರ್ಗದರ್ಶಕರು ಹಿಂದೆ ಸರಿದ ಮೇಲೆ ಆಚರಣೆಯೂ ಒಂದಿಷ್ಟು ಸಡಿಲವಾಯಿತು. ಈ ಫಲಿತಾಂಶವನ್ನು ಮುಚ್ಚಿಡದೆ ಪ್ರಕಟಿಸಿದ್ದನ್ನು ನಾವು ಮೆಚ್ಚುತ್ತೇವೆ. ಔಷಧ, ರಕ್ತ, ಶಸ್ತ್ರಚಿಕಿತ್ಸೆಯ ಸೌಕರ್ಯ ಬೆನ್ನಿಗಿಲ್ಲದಿದ್ದರೆ ಪಟ್ಟಿ ಏನು ಮಾಡೀತು?

ಅಳತೆಯ ಹಾಸಿನ ಕಥೆ ಮಾತ್ರ ಮುಂದುವರಿದಿದೆ. ಕೆನ್ಯಾ, ನೈಜೀರಿಯಾ, ತಾಂಜಾನಿಯಾ, ದಕ್ಷಿಣ ಆಫ್ರಿಕಾಗಳಲ್ಲಿ ನಡೆದು 2023ರಲ್ಲಿ ಪ್ರಕಟವಾದ ಇ-ಮೋಟಿವ್ ಅಧ್ಯಯನದಲ್ಲಿ ಇಂತಹುದೇ ಅಳತೆಗೆರೆಯ ಹಾಸಿನಿಂದ ರಕ್ತಸ್ರಾವವನ್ನು ಬೇಗ ಗುರುತಿಸಿ, ಚಿಕಿತ್ಸೆಗಳೆಲ್ಲವನ್ನೂ ಒಟ್ಟಿಗೆ ಆರಂಭಿಸಲಾಯಿತು. ಪ್ರಾಣಾಪಾಯದ ಮಟ್ಟದ ರಕ್ತಸ್ರಾವ, ಅದಕ್ಕಾಗಿ ಉದರ ಶಸ್ತ್ರಚಿಕಿತ್ಸೆ ಅಥವಾ ಅದರಿಂದ ಸಾವು ಸಂಭವಿಸಿದ ಪ್ರಕರಣಗಳು ಒಟ್ಟಾರೆ ಶೇಕಡಾ 60ರಷ್ಟು ಕಡಿಮೆಯಾದವು.

2018–20ರ ಅಂಕಿಅಂಶದಂತೆ ಒಂದು ಲಕ್ಷ ಜೀವಂತ ಜನನಗಳಿಗೆ ಕರ್ನಾಟಕದಲ್ಲಿ 69, ಮಹಾರಾಷ್ಟ್ರದಲ್ಲಿ 33 ತಾಯಂದಿರು ಸಾಯುತ್ತಿದ್ದರು. ತವರಿಗೆ ಕಳುಹಿಸುವ ಮುನ್ನ ಅಲ್ಲಿಯ ಆಸ್ಪತ್ರೆಯಲ್ಲಿ ರಕ್ತದ ವ್ಯವಸ್ಥೆ, ರಾತ್ರಿಯ ವೇಳೆ ವೈದ್ಯರ ಲಭ್ಯತೆ ಎಂತಿದೆಯೆಂದು ಕೇಳಿ ತಿಳಿಯುವುದು ಒಳಿತು. ತಪಾಸಣಾ ಪಟ್ಟಿಯಲ್ಲಿ ಮನೆಯವರಿಗೂ ಒಂದು ಪಾಲಿದೆ: ಹೆರಿಗೆಯ ವೇಳೆ ಜೊತೆಗೊಬ್ಬರು ಇರಬೇಕು, ರಕ್ತ ಹೋಗುವುದು, ತೀವ್ರ ಹೊಟ್ಟೆನೋವು, ತಲೆನೋವು, ಕಣ್ಣು ಮಂಜಾಗುವುದು ಕಂಡೊಡನೆ ಅವರು ದಾದಿಯನ್ನು ಕೂಗಿ ಕರೆಯಬೇಕು.